ಕಡೆಯ ದೋಣಿ

ಫ್ರಾನ್ಸಿನ ನದಿಯೊಂದರ ದಂಡೆಗುಂಟ ದಿನವಿಡೀ ಸೈಕಲ್ ತುಳಿದರೂ ವಸುಮತಿಗೆ ಕಂಡದ್ದು ಗಂಡನ ಬೆನ್ನು ಮಾತ್ರ. ಗುಲಾಬಿ ತೋಟವೊಂದರ ಮುಂದೆ ಇಳಿಯಹೋದರೆ, "ಲಾಲ್‌ಬಾಗಲ್ಲಿ ನೋಡಿದ್ದೇ ಅಲ್ವಾ? ತುಳಿ ಸುಮ್ನೆ" ಎಂದು ರೇಗಿದ. ಅವಳಿಗೆ ಮೈಯೆಲ್ಲ ಉರಿಯಿತು.

ಸಂಜೆ ದೋಣಿ ಕಡವಿಗೆ ಬಂದರು. ಆಚೆ ದಡಕ್ಕೆ ಅಂದಿನ ಕಡೆಯ ದೋಣಿ ಹೊರಡುವುದರಲ್ಲಿತ್ತು.

"ರೀ, ಇವತ್ತು ಉಳ್ಕೊಳ್ಳೋ ಹೋಟೆಲ್ಲು..."

"ದಾರಿ ನಂಗೆ ಗೊತ್ತು. ಬಾಯ್ಮುಚ್ಕೊಂಡು ಹಿಂದೆ ಬಾ."

ಅವನು ಸೈಕಲ್ ಸಮೇತ ದೋಣಿ ಹತ್ತಿದ. ಅವಳು ಹತ್ತಲಿಲ್ಲ. ದೋಣಿ ದಡ ಬಿಟ್ಟಿತು.

"ಏಯ್, ಯಾಕೇ ಹತ್ಲಿಲ್ಲ? ರಾತ್ರಿ ಎಲ್ಲಿ ಬಿದ್ಕೋತೀಯ?" ನಡುನೀರಿನಿಂದ ಕೂಗಿದ.

ವಸುಮತಿ ಬಾಯಿ ಮುಚ್ಚಿಕೊಂಡೇ ಕೈ ಬೀಸಿದಳು. ಅವಳು ಕೋಣೆ ಕಾದಿರಿಸಿದ್ದ ಹೋಟೆಲು ಕಡವಿನ ಪಕ್ಕದಲ್ಲಿ, ಈ ದಡದಲ್ಲೇ, ಇನ್ನೊಂದು ಗುಲಾಬಿ ತೋಟದ ನಡುವೆ ಇತ್ತು.