ಯಾರ ಕಡೆಯವಳು

ಸೌದೆ ತಬ್ಬಿಕೊಂಡು ಯೋರ್ಡಿಸ್ ಒಳಗೆ ಬಂದಾಗ ಅವಳ ಅಡುಗೆಮನೆಯಲ್ಲಿ ಗುರುತಿಲ್ಲದ ಹುಡುಗಿಯೊಬ್ಬಳು ಒಲೆಗೆ ಅಂಗೈ ಒಡ್ಡಿ ಕೂತಿದ್ದಳು. ಯೋರ್ಡಿಸ್‌ಳನ್ನು ಕಂಡದ್ದೇ ಎದ್ದು ಬಂದು, ಸೌದೆ ಸಮೇತ ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಹೆಸರು ಬೆನೆದಿತಾ, ಊರು ಪೋರ್ಚುಗಲ್, ಒಂದು ವರ್ಷದ ಮಟ್ಟಿಗೆ ಉಪ್ಸಾಲಾಕ್ಕೆ ಓದಲು ಬಂದಿದ್ದೇನೆ, ರಜೆ ಸಿಕ್ಕಿತೆಂದು ನಾರ್ವೆಯ ಕಡಲತೀರ ಸುತ್ತಿಕೊಂಡು ಸ್ವೀಡನ್ನಿನ ಈ ಉತ್ತರದ ತುದಿಗೆ ಬಂದೆ ಎಂದು ಹೊಸದಾಗಿ ಕಲಿತ ಸ್ವೀಡಿಷ್‌ನಲ್ಲಿ ಒಂದೇ ಉಸಿರಿಗೆ ಹೇಳಿದಳು. "ಬಾಗಿಲು ತೆಗೆದೇ ಇಟ್ಟಿದ್ರಲ್ಲ, ಎಷ್ಟು ಒಳ್ಳೆಯವರು ನೀವು. ಮೂರು ದಿನ ಇರ್ತೀನಿ."

ನೀನು ಯಾರೆಂದು ಯೋರ್ಡಿಸ್ ಕೇಳಲಿಲ್ಲ. ಬಂದು ಕೂತವರನ್ನು ಹಾಗೆ ಕೇಳುವುದೆಂದರೆ ಎದ್ದು ಹೋಗು ಎಂದ ಹಾಗೆ. ಹೊರಗೆ ಮೈನಸ್ ಇಪ್ಪತ್ತೆಂಟು ಡಿಗ್ರಿ ಬೇರೆ. ಸುಮ್ಮನೆ ಕಾಫಿಗೆ ನೀರಿಟ್ಟಳು. ಅಷ್ಟರಲ್ಲಿ ರಸ್ತೆಯ ಹಿಮ ತಳ್ಳುವ ಗಾಡಿ ನಿಲ್ಲಿಸಿ ಗಂಡ ಆಲ್ಗೋಟ್ ಬಂದ. ಅವನಿಗೂ ಒಂದು ಅಪ್ಪುಗೆ, ಎರಡು ಮುತ್ತು. ಆ ಮನುಷ್ಯ ಟೋಪಿ ತೆಗೆಯುವುದನ್ನೂ ಮರೆತು ಸೀದಾ ಉಗ್ರಾಣಕ್ಕೆ ನಡೆದ. ಯೋರ್ಡಿಸ್ ಹಿಂದೆಯೇ ಹೋದಳು.

"ನಿನ್ನ ಕಡೆಯವಳಾ?" ಎಂದು ಪಿಸುಗುಟ್ಟಿದ.

"ನಮ್ಮ ಕಡೆಯವರು ಯಾರಾದ್ರೂ ಮುತ್ತು ಕೊಟ್ಟಿದ್ದು ನೋಡಿದೀಯಾ? ನಿನ್ನ ಕಡೆ ಅನ್ಕೊಂಡೆ."

"ನಮ್ಮ ಕಡೆಯವರು ಕೈಯನ್ನೇ ಕೊಡಲ್ಲ."

ಉಪ್ಪುಮೀನಿನ ಜಾಡಿಗಳ ನಡುವೆ ನಿಂತು ಇಬ್ಬರೂ ಯೋಚಿಸಿದರು. ಮುನ್ನೂರು ಕಿಲೋಮೀಟರ್ ಆಚೆಯ ಗಣಿಯಲ್ಲಿ ಕೆಲಸಕ್ಕಿರುವ ಮಗ ಸಿಕ್ಸ್‌ಟೆನ್ ಹೋದ ಶರತ್ಕಾಲದಲ್ಲಿ ಒಂದು ತಿಂಗಳು ತರಬೇತಿಗೆಂದು ಹೋಗಿದ್ದದ್ದು ಉಪ್ಸಾಲಾಕ್ಕೇ. ಪ್ರತಿ ಭಾನುವಾರ ಫೋನ್ ಮಾಡಿ ತನ್ನಲ್ಲಿ ಎಷ್ಟು ಡಿಗ್ರಿ ಎಂದು ಹೇಳಿ, ಇಲ್ಲಿ ಎಷ್ಟು ಎಂದು ಕೇಳಿ ಇಟ್ಟುಬಿಡುವ ಹುಡುಗ. ಅಲ್ಲಿ ಹುಡುಗಿಯೊಬ್ಬಳು ಸಿಕ್ಕಳೆಂಬ ಸಂಗತಿಯನ್ನು ಅವನು ಬಾಯಿಬಿಟ್ಟು ಹೇಳುತ್ತಾನೆಯೇ? ಸಾಲದ್ದಕ್ಕೆ, ಆಗಷ್ಟೇ ಹುಡುಗಿ ಗೋಡೆಯ ಮೇಲಿದ್ದ ಅವನ ಫೋಟೋ ನೋಡಿ, ಕಣ್ಣು ಎಷ್ಟು ಚೆನ್ನಾಗಿದೆ ಎಂದಿದ್ದಳು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಆಮೇಲಿನ ಸಂಭ್ರಮ ಕೇಳಬೇಡಿ. ಕ್ರಿಸ್‌ಮಸ್‌ಗೂ ಮುಚ್ಚಳ ತೆಗೆಯದಿದ್ದ ಕಾಡುಹಣ್ಣಿನ ಜಾಮ್ ಮೇಜಿಗೆ ಬಂತು. ಹಿಮಸಾರಂಗದ ಮಾಂಸ ಬೆಂದಿತು. ಅತ್ತೆ ಹೆಣೆದ ಕೈಗವಸನ್ನು ಯೋರ್ಡಿಸ್ ಪೆಟ್ಟಿಗೆಯಿಂದ ತೆಗೆದು ಹುಡುಗಿಗೆ ತೊಡಿಸಿಯೇಬಿಟ್ಟಳು. ಮಲಗಲು ಮಗನ ಮಂಚಕ್ಕೇ ಹೊಸ ಹೊದಿಕೆ ಹಾಸಿಕೊಟ್ಟಳು. ಉತ್ತರದ ಜನ ತುಟಿ ಬಿಚ್ಚುವುದಿಲ್ಲ ಎಂದು ಉಪ್ಸಾಲಾದಲ್ಲಿ ಹೆದರಿಸಿದ್ದವರಿಗೆಲ್ಲ ಬೆನೆದಿತಾ ಊಟದ ಫೋಟೋ ಕಳಿಸಿದಳು. ಸಂಜೆ ಯೋರ್ಡಿಸ್ ಮಗನಿಗೆ ಫೋನ್ ಮಾಡಿ, ಬೆನೆದಿತಾ ಬಂದಿದ್ದಾಳೆ, ಚೆನ್ನಾಗಿ ಉಣ್ಣುತ್ತಾಳೆ, ನಗುತ್ತಾಳೆ, ಮೀನನ್ನು ಮುಳ್ಳು ಬಿಡಿಸಿ ನಿಮ್ಮಪ್ಪನ ತಟ್ಟೆಗೆ ಹಾಕಿದಳು ಎಂದು ಇಪ್ಪತ್ತು ನಿಮಿಷ ಹೇಳಿದಳು.

"ಹೌದಾ," ಎಂದ ಸಿಕ್ಸ್‌ಟೆನ್. ಆಮೇಲೆ, "ನಾಳೆ ಬರ್ತೀನಿ," ಎಂದ.

ಮರುದಿನ ತಿಂಡಿಯ ಹೊತ್ತಿಗೆ ಬೆನೆದಿತಾ, ಹಿಮದಲ್ಲಿ ಗಾಡಿ ಎಳೆಯುವ ಎಂಟು ನಾಯಿಗಳೂ ಎಲ್ಲಿ ಎಂದು ಕೇಳಿದಳು. ಆ ಮನೆಯಲ್ಲಿದ್ದದ್ದು ಒಂದು ಮುದಿ ಬೆಕ್ಕು. ಯೋರ್ಡಿಸ್ ಉತ್ತರ ಹುಡುಕುತ್ತಿದ್ದಂತೆ ಸರೋವರದಾಚೆಯ ಗುನ್‌ವೋರ್ ಧಾವಿಸಿ ಬಂದಳು. ಎಂಟು ನಾಯಿ ಸಾಕಿಕೊಂಡು ಪ್ರವಾಸಿಗರಿಗೆ ಕೋಣೆ ಬಾಡಿಗೆಗೆ ಕೊಡುವವಳು ಅವಳು. ನಿನ್ನೆ ಬರಬೇಕಿದ್ದ ಹುಡುಗಿ ಬಸ್ಸು ತಪ್ಪಿಸಿಕೊಂಡಳೆಂದೇ ತಿಳಿದಿದ್ದಳಂತೆ. ಇಲ್ಲೇ ಇಳಿಸಿದ್ದೆ ಎಂದು ಈಗ ಡ್ರೈವರ್ ಹೇಳಿದ ಮೇಲೆ ಜೀವ ಕೈಯಲ್ಲಿ ಹಿಡಿದು ಮನೆ ಮನೆ ವಿಚಾರಿಸುತ್ತಿದ್ದಳು.

"ಕೆಂಪು ಮನೆ, ಬೀಗ ಹಾಕಿರಲ್ಲ ಅಂತ ಸರಿಯಾಗೇ ಬರೆದಿದ್ನಲ್ಲೇ," ಎಂದು ಹುಡುಗಿಗೆ ಹೇಳಿದಳು.

ಆ ಊರಿನಲ್ಲಿ ಕೆಂಪಲ್ಲದ ಮನೆ ಇರಲಿಲ್ಲ, ಬೀಗ ಹಾಕುವ ಮನೆಯೂ ಇರಲಿಲ್ಲ.

ಬೆನೆದಿತಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಕೈಗವಸನ್ನು ತಂದು ಮೇಜಿನ ಮೇಲಿಟ್ಟು, ಪೋರ್ಚುಗೀಸಿನಲ್ಲಿ ಏನೇನೋ ಕ್ಷಮೆ ಕೇಳುತ್ತ ಬ್ಯಾಗು ತುಂಬಿದಳು. ಗುನ್‌ವೋರ್ ಎದುರಿಗೆ ತಾವು ಏನೆಂದುಕೊಂಡಿದ್ದೆವೆಂದು ಹೇಳಲು ಗಂಡ ಹೆಂಡತಿಗೆ ನಾಲಿಗೆ ಏಳಲಿಲ್ಲ. ಹುಡುಗಿ ಬಾಗಿಲ ಬಳಿ ಕೂತು ಒಂದು ಬೂಟು ಹಾಕಿಕೊಂಡಿದ್ದಳಷ್ಟೆ, ಸಿಕ್ಸ್‌ಟೆನ್ ಬಂದೇಬಿಟ್ಟ. ಕೂದಲು ಕತ್ತರಿಸಿಕೊಂಡಿದ್ದ, ಹೊಸ ಅಂಗಿಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ.

"ಇವಳನ್ನ ನೀನು ಮೊದಲು ನೋಡಿದೀಯೇನೋ?" ಎಂದು ಯೋರ್ಡಿಸ್ ಕೇಳಿದಳು.

"ಇಲ್ಲಮ್ಮ."

"ನಿನ್ನೆ ಫೋನಲ್ಲೇ ಹೇಳಬಾರದಿತ್ತಾ? ಸುಮ್ನೆ ಯಾಕೆ ಬಂದೆ ಇಷ್ಟು ದೂರ?"

ಸಿಕ್ಸ್‌ಟೆನ್ ನೆಲ ನೋಡಿದ. ಕಿವಿಯವರೆಗೂ ಕೆಂಪಾಗಿದ್ದ. "ನೀನು ಅಷ್ಟೊಂದು ಹೊಗಳಿದೆ. ಯಾರೂಂತ ನೋಡಬೇಕು ಅನ್ನಿಸ್ತು."

ಆಗ ಬೆನೆದಿತಾಳಿಗೆ ಎಲ್ಲವೂ ಅರ್ಥವಾಯಿತು: ಜಾಮು, ಕೈಗವಸು, ಮಗನ ಮಂಚ. ಆಮೇಲೆ ಒಂದೇ ಬೂಟಿನಲ್ಲಿ ಎದ್ದು ನಿಂತು, ಅಡುಗೆಮನೆಯ ನಡುವೆ ಕುಂಟುತ್ತ ಒಂದು ಸುತ್ತು ತಿರುಗಿದಳು.

"ಸರಿ, ನೋಡಿ," ಎಂದಳು.

ಸಿಕ್ಸ್‌ಟೆನ್ ತಲೆ ಎತ್ತಲಿಲ್ಲ. ಬಗ್ಗಿ, ಬಾಗಿಲ ಬಳಿ ಬಿದ್ದಿದ್ದ ಅವಳ ಇನ್ನೊಂದು ಬೂಟನ್ನು ಎತ್ತಿಕೊಂಡ. ತನ್ನ ಕಾಲಿನಿಂದ ಅದರ ಮೇಲೆ ಉದುರಿದ್ದ ಹಿಮ ಕೊಡವಿ, ಒಣಗಲೆಂದು ಒಲೆಯ ಪಕ್ಕಕ್ಕೆ ಇಟ್ಟ.