ಡಬಲ್ಸ್‌ನವನ ಕೈರುಚಿ

ಬಾಲ್ದತ್ ಡಬಲ್ಸ್ ತಿಂಡಿಯ ಪೆಟ್ಟಿಗೆಯ ಹಿಂದೆ ನಿಂತು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ನಿವೃತ್ತ ಹೆಡ್‌ಮಾಸ್ಟರ್ ಲೆಜಾಮಾ ಎರಡನೆಯ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಹಾಂ, ಈಗ ಬಂತು ನೋಡಪ್ಪ ಹಳೇ ರುಚಿ. ನಾಲ್ಕು ತಿಂಗಳಾಗಿತ್ತು. ನಿಮ್ಮಣ್ಣನ ಕೈಯೇ ನಿನಗೂ ಬಂದಿದೆ."

ಪಕ್ಕದ ಸ್ಟೂಲಿನ ಮೇಲೆ ಕೂತು ಸೌತೆಕಾಯಿ ತುರಿಯುತ್ತಿದ್ದ ಅವನ ಅತ್ತಿಗೆ ಕೌಸಿಲ್‌ಳ ಕೈ ನಿಂತಿತು. ಒಂದು ಗಂಟೆಯ ಹಿಂದೆ ಇದೇ ಪೆಟ್ಟಿಗೆಯಿಂದ, ಇದೇ ಬಿಳಿ ಬಟ್ಟೆಯ ಅಡಿಯಿಂದ ಅವಳು ಎತ್ತಿಕೊಟ್ಟದ್ದನ್ನು ತಿಂದು ಟ್ಯಾಕ್ಸಿಯವನೊಬ್ಬ ಮುಖ ಕಿವುಚಿದ್ದ. ಕಡಲೆ ಬೇಯುವಾಗ ಪಾತ್ರೆಯ ಮುಂದೆ ಕೂತು ಅಳುತ್ತಿದ್ದಿರಾ ಚಿಕ್ಕಮ್ಮ, ಉಪ್ಪು ಜಾಸ್ತಿಯಾಗಿದೆಯಲ್ಲ ಎಂದು ಕೇಳಿದ್ದ. ಸುತ್ತ ನಿಂತವರು ನಕ್ಕಿದ್ದರು. ಅವಳೂ ನಕ್ಕಂತೆ ಮಾಡಿದ್ದಳು.

ಪೆಟ್ಟಿಗೆಯ ಮೇಲೆ ಕೆಂಪು ಬಣ್ಣದಲ್ಲಿ ಅವಳ ಗಂಡ ಸೂಗ್ರಿಮ್‌ನ ಹೆಸರಿತ್ತು. ಪೆನಾಲ್ ಪೇಟೆಯ ಈ ಮೂಲೆಯಲ್ಲಿ ಅವನು ಮೂವತ್ತೊಂದು ವರ್ಷ ನಿಂತಿದ್ದ. ಅಂಥ ಡಬಲ್ಸ್ ಇಡೀ ಟ್ರಿನಿಡಾಡ್‌ನಲ್ಲೇ ಸಿಗುವುದಿಲ್ಲ ಎಂದು ಜನ ಅವನ ಕೈಯನ್ನು ಹೊಗಳುತ್ತಿದ್ದರು. ಆ ಕೈ ಒಂದು ದಿನವೂ ಹಿಟ್ಟು ಮುಟ್ಟಿದ್ದಲ್ಲ. ಗಡಿಯಾರದ ಪಟ್ಟಿಗೆ ಹಿಟ್ಟು ಮೆತ್ತಿಕೊಳ್ಳುತ್ತದೆ ಎನ್ನುತ್ತಿದ್ದ. ಕಡಲೆ ನೆನೆಹಾಕುವವಳು, ಅರಿಸಿನ ಬೆರೆಸಿ ಹಿಟ್ಟನ್ನು ಜಾರುವ ಹದಕ್ಕೆ ಕಲಸುವವಳು, ಎಣ್ಣೆ ಹಚ್ಚಿದ ಬೆರಳುಗಳಲ್ಲಿ ತಟ್ಟಿ ಒಂದೊಂದೇ ಬಾರಾ ಕರಿಯುವವಳು ಕೌಸಿಲ್. ಸೂಗ್ರಿಮ್ ಅವನ್ನು ಎರಡೆರಡಾಗಿ ಕಾಗದದ ಮೇಲೆ ಹಾಸಿ, ಕಡಲೆ ಸುರಿದು, ಹುಣಿಸೆ ಚಟ್ನಿ ಎರೆದು ಕೊಡುತ್ತಿದ್ದ. ಕಟ್ಟಿಸಿಕೊಂಡು ಹೋಗುವವರಿಗೆ ಕಾಗದದ ತುದಿಯನ್ನು ಗರ್ರನೆ ತಿರುಗಿಸಿ ಗಂಟು ಮಾಡುತ್ತಿದ್ದ. ಯಾರಿಗೆ ಖಾರ ಬೇಡ, ಯಾರಿಗೆ ಒಂದು ತೊಟ್ಟು, ಯಾರಿಗೆ ಕಣ್ಣಲ್ಲಿ ನೀರು ಬರುವಷ್ಟು ಎಂಬುದು ಮುಖ ನೋಡಿದರೆ ಅವನಿಗೆ ಗೊತ್ತಾಗುತ್ತಿತ್ತು.

ಅವನು ಸತ್ತ ಮೇಲೆ ಪೆಟ್ಟಿಗೆಯ ಹಿಂದೆ ಬಂದು ನಿಂತಾಗಲೇ ಕೌಸಿಲ್ ತನ್ನ ಅಡುಗೆಯನ್ನು ತಿನ್ನುವವರನ್ನು ಮೊದಲ ಸಲ ನೋಡಿದ್ದು. ಅಂಗಿಗೆ ಚೆಲ್ಲದಂತೆ ಮುಂದಕ್ಕೆ ಬಾಗಿ, ಅಂಗೈ ಮೇಲಿನ ಕಾಗದದಿಂದ ನಿಂತಲ್ಲೇ ತಿನ್ನುವ ಅವರನ್ನು ಆಸೆಯಿಂದ ನೋಡುತ್ತಿದ್ದಳು. ಇಷ್ಟು ವರ್ಷ ಬೇಯಿಸಿ ಹಾಕಿದ ಬಾಯಿಗಳಲ್ಲಿ ಒಂದರ ಪರಿಚಯವೂ ಅವಳಿಗಿರಲಿಲ್ಲ. ಹಾಗಾಗಿ ಎಲ್ಲರನ್ನೂ ಖಾರ ಎಷ್ಟು ಎಂದು ಕೇಳಬೇಕಾಗುತ್ತಿತ್ತು. ಸೂಗ್ರಿಮ್ ಕೇಳುತ್ತಿರಲಿಲ್ಲ ಎಂದು ಅವರು ಮುಖ ಊದಿಸುತ್ತಿದ್ದರು. ಬರಬರುತ್ತಾ ಕಡಲೆ ಮೊದಲಿನಂತಿಲ್ಲ, ಬಾರಾ ಮೊದಲಿನಷ್ಟು ಮೆತ್ತಗಿಲ್ಲ ಎಂಬ ಮಾತು ಹುಟ್ಟಿತು. ಕೆಲವರು ರಸ್ತೆಯಾಚೆಯ ಪೆಟ್ಟಿಗೆಗೆ ಹೋದರು. ಆಗ ಮೈದುನ ಬಾಲ್ದತ್ ಮನೆಗೆ ಬಂದು, ಜನ ಗಂಡಸಿನ ಕೈ ಕೇಳುತ್ತಾರೆ, ನೀವು ಮನೆಯಲ್ಲಿ ಮಾಡಿಕೊಡಿ ಸಾಕು ಎಂದಿದ್ದ. ಈ ಶನಿವಾರ ನಿಂತು ನೋಡುವುದು, ಜನ ಒಪ್ಪಿದರೆ ಸೋಮವಾರದಿಂದ ಜಾಗ ಅವನದು ಎಂದು ಮಾತಾಗಿತ್ತು. ಹಾಗಾದರೆ ಅವಳು ಮತ್ತೆ ಅಡುಗೆಮನೆಗೆ, ಉಳಿದಷ್ಟು ಕಾಲಕ್ಕೂ.

ಜನ ಒಪ್ಪಿದ್ದರು. ಅರ್ಧ ಗಂಟೆಯಲ್ಲೇ ಒಪ್ಪಿದ್ದರು. ಬಾಲ್ದತ್ ಕಡಲೆಯನ್ನು ಕಾಗದದಿಂದಾಚೆ ಚೆಲ್ಲುತ್ತಿದ್ದ, ಖಾರ ಬೇಡವೆಂದವರಿಗೆ ಹಾಕುತ್ತಿದ್ದ. ಯಾರೂ ಏನೂ ಅನ್ನಲಿಲ್ಲ.

ಕೌಸಿಲ್ ಎದ್ದು ನಿಂತಳು. "ಮೇಷ್ಟ್ರೇ, ಇವತ್ತಿಂದು ನಾನು ಮಾಡಿದ್ದು."

"ಮಾಡಿರ್ತೀಯ, ಬಿಡಮ್ಮ."

"ಹೋದ ವಾರ ನಿಮಗೆ ಸೇರಲಿಲ್ಲವಲ್ಲ, ಅದೂ ನಾನೇ ಮಾಡಿದ್ದು. ಅವರಿದ್ದಾಗ ಮೂವತ್ತೊಂದು ವರ್ಷ ತಿಂದ್ರಲ್ಲ, ಅದೂ ನಾನೇ. ಅವರು ಒಂದು ದಿನ ಹಿಟ್ಟು ಮುಟ್ಟಿದವರಲ್ಲ."

ಸುತ್ತ ನಿಂತವರ ದವಡೆಗಳು ಒಮ್ಮೆಗೇ ನಿಂತವು. ಅಷ್ಟರಲ್ಲೇ ಬಾಲ್ದತ್, ದೊಡ್ಡವರ ಜೊತೆ ಅದೆಲ್ಲ ಯಾಕೆ ಎಂದು ಗೊಣಗಿದ. ಅವಳು ಅವನ ಕಡೆ ನೋಡಲಿಲ್ಲ. ಮೇಷ್ಟ್ರು ಒಂದು ಗಳಿಗೆ ಪೆಚ್ಚಾದರೆ ಸಾಕಿತ್ತು. ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಲೆಜಾಮಾ ಮೇಷ್ಟ್ರು ಗಲ್ಲಕ್ಕೆ ಅಂಟಿದ್ದ ಹುಣಿಸೆಯನ್ನು ಒರೆಸಿಕೊಂಡರು. ಖಾಲಿ ಕಾಗದವನ್ನು ನೋಡಿ, ಆಮೇಲೆ ಅವಳನ್ನು ನೋಡಿದರು. ದಡ್ಡ ಮಗು ಕೊನೆಗೂ ಮಗ್ಗಿ ಒಪ್ಪಿಸಿದಾಗ ನೋಡುವಂಥ ಅಕ್ಕರೆ ಅವರ ಕಣ್ಣಲ್ಲಿತ್ತು.

"ಹೌದೇನಮ್ಮ? ಪುಣ್ಯಾತ್ಮ ಸೂಗ್ರಿಮ್. ಎಷ್ಟು ಚೆನ್ನಾಗಿ ಕಲಿಸಿಕೊಟ್ಟಿದ್ದಾನೆ ನೋಡು ನಿನಗೆ."

ನಿಂತವರೆಲ್ಲ ತಲೆದೂಗಿದರು. ಮತ್ತೆ ಬಂದು ನಿಂತಿದ್ದ ಟ್ಯಾಕ್ಸಿಯವನು, ನಿಜ ನಿಜ ಎಂದ.

ಕೌಸಿಲ್ ಬಾರಾಗಳ ಮೇಲೆ ಬಟ್ಟೆ ಎಳೆದು ಪೆಟ್ಟಿಗೆಯ ಮುಚ್ಚಳ ಹಾಕಿದಳು. ಬಾಲ್ದತ್ ಕೈ ಹಿಂದೆಗೆದುಕೊಳ್ಳದಿದ್ದರೆ ಬೆರಳು ಸಿಕ್ಕಿಕೊಳ್ಳುತ್ತಿತ್ತು.

"ಏನ್ ಮಾಡ್ತಿದೀರಿ ಅತ್ತಿಗೆ? ಇಷ್ಟು ಜನ ಕಾಯ್ತಿದಾರೆ."

"ಕಾಯ್ಲಿ," ಎಂದಳು ಅವಳು, ಮುಚ್ಚಳದ ಮೇಲೆ ಎರಡೂ ಕೈ ಊರಿ. "ನಿಮ್ಮಣ್ಣ ಬಂದು ಹಿಟ್ಟು ಕಲಸ್ತಾರೆ."