ಕೊಳಲಿನವಳ ಬೆನ್ನು

ಕೊಳಲು ನುಡಿಸುವವಳು ಇವತ್ತೂ ಹೆಂಡತಿಯ ಮಂಚಕ್ಕೆ ಬೆನ್ನು ಹಾಕಿ ಕೂತದ್ದನ್ನು ಕಂಡು ದರ್ಜಿಗೆ ಮೈಯೆಲ್ಲ ಉರಿಯಿತು. ಒಂಬತ್ತು ದಿನದಿಂದ ಇದೇ ಕಥೆ.

ವಾಸಿಯಾಗದವರು ಕೊನೆಯ ದಿನಗಳನ್ನು ನೋವಿಲ್ಲದೆ ಕಳೆಯಲೆಂದು ಇದ್ದ ಆರೈಕೆಮನೆ ಅದು. ಬೆಳಿಗ್ಗೆ ಹತ್ತಕ್ಕೆ ಕೋಣೆಗೆ ಅರ್ಧ ಗಂಟೆ ಸಂಗೀತ, ಪರದೆಯ ಮೇಲೆ ಕಾಡು, ಹೊಳೆ, ಹಕ್ಕಿಗಳು. ಆದರೆ ಪರದೆ ಹಾಕಿದ್ದು ಅವನ ಆರಾಮಕುರ್ಚಿಯ ಎದುರಿಗೆ. ಹೆಂಡತಿ ನೋಡಬೇಕೆಂದರೆ ಕತ್ತು ಹೊರಳಿಸಬೇಕು. ಹೊಳೆ ಹರಿಯುವಾಗ ಅವನ ಉಸಿರು ಹಗುರಾಗುತ್ತಿದ್ದದ್ದು ನಿಜ. ಅವಳ ಪಾಲಿನ ನೆಮ್ಮದಿಯನ್ನು ತಾನು ಉಣ್ಣುತ್ತಿದ್ದೇನೆಂದು ಅವನಿಗೆ ನಾಚಿಕೆಯೂ ಆಗುತ್ತಿತ್ತು.

"ಏನಮ್ಮಾ, ಕಾಯಿಲೆಯವಳು ಆ ಕಡೆ ಇದ್ದಾಳೆ. ನನ್ನ ಮುಖದಲ್ಲಿ ಏನಿದೆ?"

"ಅವರಿಗೂ ಕೇಳಿಸುತ್ತೆ, ಅಜ್ಜ. ನೀವು ಕಣ್ಣು ಮುಚ್ಚಿ, ನಿಧಾನವಾಗಿ ಉಸಿರು ಬಿಡಿ."

ನರ್ಸ್ ಅವಳಿಗೆ ತಕ್ಕ ಜೋಡಿ. ಬಂದವಳೇ ಮೊದಲು ಅವನ ಕೈಗೆ ಗ್ಯಾಸಿನ ಮಾತ್ರೆ ಇಡುತ್ತಿದ್ದಳು. ಜೊತೆಗಿರುವವರು ಗಟ್ಟಿಯಾಗಿರಬೇಕಂತೆ. ನುಂಗಿದರೆ ಹೊಟ್ಟೆನೋವು ತಣ್ಣಗಾಗುತ್ತಿತ್ತು, ಅದು ಬೇರೆ ಮಾತು. ಹೆಂಡತಿಗೆ ಮಾತ್ರ ನೀರಿನಂಥ ಔಷಧಿ, ಅದೂ ನೆನಪಾದರೆ.

ನಲವತ್ತು ವರ್ಷ ಅಳತೆ ಟೇಪು ಹಿಡಿದ ಕಣ್ಣು ಅವನದು. ಚಿಂತೆಯಲ್ಲಿ ತನ್ನ ಸೊಂಟ ನಾಲ್ಕು ಇಂಚು ಇಳಿದದ್ದು ಅವನಿಗೆ ಗೊತ್ತಿತ್ತು. ಹೆಂಡತಿಯ ನೈಟಿಯ ತೋಳು ಮಾತ್ರ ಬಿಗಿಯಾಗುತ್ತಿತ್ತು. ಬಾವು ಏರುತ್ತಿದೆ, ಕೇಳುವವರಿಲ್ಲ ಎಂದು ಅವನು ಹಲ್ಲು ಕಡಿದ.

ಆಸ್ಪತ್ರೆಯೆಂದರೆ ಅವನಿಗೆ ಆಗದು. ಹೋದ ವರ್ಷ ತಪಾಸಣೆಗೆ ಕರೆದೊಯ್ದಾಗ ಕೈಯ ಸೂಜಿ ಕಿತ್ತೆಸೆದು ಮನೆಗೆ ನಡೆದುಬಂದಿದ್ದ. ಸತ್ತರೆ ಹೊಲಿಗೆ ಮೆಷಿನ್ ಮುಂದೆಯೇ ಎಂದು ಹಟ ಹಿಡಿದಿದ್ದ. ಇಲ್ಲಿಗೆ ಕಾಲಿಟ್ಟದ್ದು ಹೆಂಡತಿಗಾಗಿ. "ಅಪ್ಪ, ನೀವು ಜೊತೆಗಿದ್ರೆ ಮಾತ್ರ ಅಮ್ಮ ಹೋಗ್ತಾಳಂತೆ" ಎಂದು ಮಗಳು ಅತ್ತಿದ್ದಳು.

ಇವತ್ತು ಅವನಿಗೆ ತಡೆಯಲಾಗಲಿಲ್ಲ.

"ಸಾಕು ನಿಮ್ಮ ನಾಟಕ. ಸಾಯೋಳಿಗೂ ಮೋಸ ಮಾಡ್ತೀರಲ್ಲ, ಹೊಟ್ಟೆಗೆ ಏನು ತಿಂತೀರಿ? ಇವಳನ್ನ ಈಗಲೇ ಮನೆಗೆ ಕರ್ಕೊಂಡು ಹೋಗ್ತೀನಿ."

ಎದ್ದು ಎರಡು ಹೆಜ್ಜೆ ಹಾಕಿದ. ಮೊಣಕಾಲು ಕೈಕೊಟ್ಟವು. ಕೊಳಲು ನಿಂತಿತು.

ಅವನು ನೆಲಕ್ಕೆ ಬೀಳಲಿಲ್ಲ. ಯಾರೋ ಕಂಕುಳಿಗೆ ಕೈಕೊಟ್ಟು ಅವನನ್ನು ಅನಾಮತ್ತಾಗಿ ಎತ್ತಿ ಹಿಡಿದಿದ್ದರು. ತಿರುಗಿ ನೋಡಿದ. ಒಂಬತ್ತು ದಿನ ದಿಂಬಿನಿಂದ ತಲೆ ಎತ್ತದಿದ್ದ ಹೆಂಡತಿ. ಅವಳ ಕೈಯಲ್ಲಿ ನಡುಕವಿರಲಿಲ್ಲ, ಏದುಸಿರೂ ಇರಲಿಲ್ಲ. ಇಷ್ಟು ವರ್ಷ ಯಾರನ್ನು ಕಣ್ಣುಮುಚ್ಚಿ ನಂಬಿದ್ದನೋ, ಅವಳೇ.

"ನೀನೂನಾ?" ಎಂದ.

ಅವಳು ಅವನನ್ನು ಮಂಚದ ಮೇಲೆ ಮಲಗಿಸಿದಳು. ಹೊದಿಕೆಯನ್ನು ಎದೆಯವರೆಗೆ ಎಳೆದಳು. ಅವನು ಮುಖ ಗೋಡೆಗೆ ತಿರುಗಿಸಿದ.

"ಕಾಯಿಲೆ ನಿಮಗೆ ಅಂತ ಹೇಳಿದ್ರೆ," ಎಂದಳು, "ನೀವು ಬರ್ತಿದ್ರಾ?"